ಕಡಲು ದಾಟದ ಡೇರೆಗಳು

ಡೇರೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅಲ್ಲಿ ಅತ್ತಿಗೆಯಾಗಿದ್ದದ್ದು ಒಬ್ಬನಿಗೆ ಮಾತ್ರ, ಉಗ್ರಾಣ ನೋಡಿಕೊಳ್ಳುತ್ತಿದ್ದ ಮೈದುನನಿಗೆ. ಅವನು ಕರೆದದ್ದನ್ನು ಕೇಳಿ ಹೊಲಿಗೆಯವರು ಕರೆದರು, ಹೊಲಿಗೆಯವರನ್ನು ಕೇಳಿ ಲಾರಿಯವನು ಕರೆದ, ಕೊನೆಗೆ ಅವಳ ಅಪ್ಪನ ವಯಸ್ಸಿನ ಕಾವಲುಗಾರನೂ ಶುರುಮಾಡಿದ. "ಇಷ್ಟೊಂದು ಮೈದುನಂದಿರನ್ನ ಕಟ್ಕೊಂಡು ನಾನೆಲ್ಲಿ ಹೋಗ್ಲಿ" ಎಂದು ಅವಳು ಗೊಣಗುತ್ತಿದ್ದಳು. ಆದರೆ ಆ ಮೈದುನಂದಿರಲ್ಲಿ ಒಬ್ಬನನ್ನಾದರೂ ನಂಬಿದ್ದಳೇ ಎಂದರೆ, ಅದು ಬೇರೆ ಮಾತು.

ನಂಬುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ. ತರಕಾರಿಯವನು ತೂಗುವಾಗ ಅವಳು ತಕ್ಕಡಿಯನ್ನು ನೋಡುತ್ತಿರಲಿಲ್ಲ, ಅವನ ಹೆಬ್ಬೆರಳನ್ನು ನೋಡುತ್ತಿದ್ದಳು. ಡಾಕ್ಟರು ಜ್ವರ ಇಳಿದಿದೆ ಎಂದರೆ ಹೊರಗೆ ಬಂದು ಮಗಳ ಹಣೆಯನ್ನು ತಾನೇ ಮುಟ್ಟಿ ನೋಡುತ್ತಿದ್ದಳು. ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಎಳೆದು ನೋಡುತ್ತಿದ್ದಳು. "ಅಮ್ಮಾ, ಒಂದಲ್ಲ ಒಂದಿನ ಆ ಬೀಗಕ್ಕೇ ಬೇಜಾರಾಗಿ ತಾನಾಗೇ ಬಿಚ್ಕೊಳ್ಳುತ್ತೆ ನೋಡು" ಎಂದು ಮಗಳು ಹಾಸ್ಯ ಮಾಡುತ್ತಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಗಾದೆ ಹೇಳುವುದು ಸುಲಭ. ಅದನ್ನು ಹಗಲೂ ಇರುಳೂ ಪಾಲಿಸುವ ಹೆಂಗಸಿನ ಜೊತೆ ಒಂದೇ ಮನೆಯಲ್ಲಿ ಬಾಳಿದವರಿಗೆ ಗೊತ್ತು ಅದರ ಭಾರ.

ಹಾಗೆಂದು ಅದು ಅವಳ ಹುಟ್ಟುಗುಣವೇನಲ್ಲ. ಗಂಡ ಬಸ್ಸಿನ ಡ್ರೈವರ್ ಆಗಿದ್ದ. ಬ್ರೇಕು ಸರಿಯಿಲ್ಲ ಎಂದು ಡಿಪೋದಲ್ಲಿ ಹೇಳಿದ್ದ, ಮನೆಯಲ್ಲೂ ಹೇಳಿದ್ದ. ಒಂದು ಬೆಳಗ್ಗೆ ಇಳಿಜಾರಿನಲ್ಲಿ ಬಸ್ಸೂ ಹೋಯಿತು, ಅವನೂ ಹೋದ. ಡಿಪೋದವರು ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತು, "ಬಸ್ಸಿನಲ್ಲಿ ಎಲ್ಲ ಸರಿಯಾಗಿತ್ತಮ್ಮ" ಎಂದರು. ಅಂದರೆ ತಪ್ಪು ಸತ್ತವನದು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಇಲ್ಲಿ ಮೇಕೆ ಬಾಯಿ ಬಿಟ್ಟು ಹೇಳುವ ಸ್ಥಿತಿಯಲ್ಲೂ ಇರಲಿಲ್ಲ. ಅಂದಿನಿಂದ "ಎಲ್ಲ ಸರಿಯಾಗಿದೆ" ಎಂಬ ಮಾತು ಕಿವಿಗೆ ಬಿದ್ದರೆ ಅವಳ ಮೈ ಉರಿಯುತ್ತಿತ್ತು.

ಆ ಕಾಲದಲ್ಲಿ ಬೆನ್ನಿಗೆ ನಿಂತವನು ಮೈದುನ. ಡಿಪೋದ ಬಾಗಿಲಿಂದ ಬಾಗಿಲಿಗೆ ಅವಳ ಜೊತೆ ಅಲೆದ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದ. ತಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಅವಳಿಗೂ ಕೆಲಸ ಕೊಡಿಸಿದ. ಮಾತು ಕಡಿಮೆಯ ಮನುಷ್ಯ. ಹತ್ತು ಮಾತು ಕೇಳಿದರೆ ಒಂದಕ್ಕೆ ಉತ್ತರ, ಅದೂ ಬೂಟಿನ ತುದಿ ನೋಡಿಕೊಂಡು. ಮಾತಾಡದವರ ಮೇಲೆ ಅತ್ತಿಗೆಗೆ ಅನುಮಾನ ಇನ್ನೂ ಒಂದು ಕೈ ಜಾಸ್ತಿ. ಆದರೂ ಅವನನ್ನು ಮಾತ್ರ ಹೇಗೋ ಆ ಲೆಕ್ಕದಿಂದ ಹೊರಗಿಟ್ಟಿದ್ದಳು, ಅಂದರೆ ಇಟ್ಟಿದ್ದೇನೆ ಎಂದುಕೊಂಡಿದ್ದಳು.

ಕಾರ್ಖಾನೆ ಸರ್ಕಾರದ್ದೇ. ಯುದ್ಧ, ಕ್ಷಾಮ ಎಂದು ಮನೆಮಠ ಬಿಟ್ಟು ಓಡಿದ ಕಡಲಾಚೆಯ ನಿರಾಶ್ರಿತರಿಗೆ ಪರಿಹಾರ ಇಲಾಖೆ ಕಳುಹಿಸುವ ಡೇರೆಗಳು ಅಲ್ಲಿ ತಯಾರಾಗುತ್ತಿದ್ದವು. ಅತ್ತಿಗೆಯ ಕೆಲಸ ಕೊನೆಯದು. ಹೊಲಿದು ಮುಗಿದ ಡೇರೆಯನ್ನು ಕಿಟಕಿಯಿಲ್ಲದ ದೊಡ್ಡ ಕೋಣೆಯಲ್ಲಿ ಎತ್ತಿ ನಿಲ್ಲಿಸಿ, ಸುತ್ತಲೂ ಪ್ರಖರವಾದ ದೀಪ ಹಾಕುತ್ತಿದ್ದರು. ಅವಳು ಒಳಗೆ ಹೋಗಿ ಬಾಗಿಲ ಪರದೆ ಎಳೆದುಕೊಂಡು ಕತ್ತಲಿಗೆ ಕಣ್ಣು ಹೊಂದುವವರೆಗೆ ಸುಮ್ಮನೆ ಕೂರಬೇಕು. ದಪ್ಪ ಬಟ್ಟೆಯಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೆ ಅಲ್ಲಿ ಬೆಳಕು ಮಿನುಗುತ್ತದೆ. ಅದಕ್ಕೆ ಕಾರ್ಖಾನೆಯವರ ಮಾತಿನಲ್ಲಿ ನಕ್ಷತ್ರ ಎಂದು ಹೆಸರು.

"ಅತ್ತಿಗೆ, ಆಕಾಶ ಹೇಗಿದೆ?" ಎಂದು ಹೊರಗಿನಿಂದ ಕೂಗುವರು.

"ಮೋಡ ಮುಚ್ಚಿದೆ, ಎತ್ಕೊಂಡು ಹೋಗಿ" ಎಂದರೆ ಡೇರೆ ಪಾಸು. "ನಕ್ಷತ್ರ ಇದೆ ಕಣ್ರಪ್ಪಾ" ಎಂದರೆ ಹೊಲಿದವರ ಮುಖ ಸಪ್ಪಗಾಗುತ್ತಿತ್ತು.

ಪಾಸಾದ ಡೇರೆಯ ಬಾಗಿಲ ಪರದೆಗೆ, ಒಳಗಡೆ ಕೆಳತುದಿಯಲ್ಲಿ, ಪರೀಕ್ಷೆ ಮಾಡಿದವರು ತಮ್ಮ ಬಣ್ಣದ ದಾರದಿಂದ ಒಂದು ಗಂಟು ಹಾಕಬೇಕು. ನಾಳೆ ಡೇರೆ ಸೋರಿದರೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದು ಇಲಾಖೆಗೆ ತಿಳಿಯಲಿ ಎಂದು ಈ ಏರ್ಪಾಡು. ಅತ್ತಿಗೆಯ ದಾರ ಹಳದಿ. ಬೇರೆಯವರ ಗಂಟು ಎಳೆದರೆ ಬಿಚ್ಚಿಕೊಳ್ಳುವುದು, ಅವಳದು ಕತ್ತರಿಸಿದರೂ ಹಟ ಬಿಡದು.

ಒಂದು ದಿನ ಊಟದ ಹೊತ್ತಿನಲ್ಲಿ ರೇಡಿಯೋದಲ್ಲಿ ಮಂತ್ರಿಗಳ ಭಾಷಣ ಬಂತು. ಕಡಲಾಚೆಯ ನಿರಾಶ್ರಿತರಿಗೆ ನೆರವಾಗಲು ಸರ್ಕಾರ ಈ ವರ್ಷ ಹಿಂದೆಂದಿಗಿಂತ ಹೆಚ್ಚು ಖರ್ಚು ಮಾಡಿದೆ, ಸಂಕಟದಲ್ಲಿರುವವರಿಗೆ ಅವರಿದ್ದಲ್ಲೇ ನೆರವು ತಲುಪಿಸುವುದೇ ನಮ್ಮ ನೀತಿ, ಹಾಗೆ ಮಾಡಿದರೆ ಯಾರೂ ಕಡಲು ದಾಟಿ ಬರಬೇಕಾಗಿಲ್ಲ ಎಂದು ಅವರು ಹೇಳಿದರು.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು ಹೊಲಿಗೆಯ ದಪ್ಪಕ್ಕ, ತುತ್ತು ನುಂಗುತ್ತಾ. "ನಮ್ಮನೆ ಸೂರು ಸೋರ್ತಾ ಇದೆ. ಅದನ್ನ ಕೇಳೋರಿಲ್ಲ."

"ನೀನೇ ಒಂದು ಡೇರೆ ಹೊಲ್ಕೊಂಡು ಸೂರಿನ ಮೇಲೆ ಹಾಕ್ಕೊ" ಎಂದು ಯಾರೋ ನಗಿಸಿದರು.

ಅತ್ತಿಗೆ ನಗಲಿಲ್ಲ. ಅವಳ ತಲೆಯಲ್ಲಿ ಹುಳ ಹೊಕ್ಕಿತ್ತು. ಖರ್ಚು ಅಷ್ಟೊಂದು ಏರಿದ್ದರೆ ಕೆಲಸವೂ ಏರಬೇಕಿತ್ತಲ್ಲ? ಬಟ್ಟೆಯ ಸುರುಳಿಗಳು ಮೊದಲಿಗಿಂತ ಕಡಿಮೆ ಬರುತ್ತಿವೆ. ಕಂಬಳಿ ವಿಭಾಗಕ್ಕೆ ಬೀಗ ಬಿದ್ದು ಎಷ್ಟೋ ಕಾಲವಾಯಿತು. ಹಾಗಾದರೆ ಆ ದುಡ್ಡೆಲ್ಲ ಎಲ್ಲಿಗೆ ಹೋಗುತ್ತಿದೆ? ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಅವಳಿಗೆ ಖಾತ್ರಿಯಾಯಿತು. ಯಾವ ಬೇಲಿ ಎಂಬುದಷ್ಟೇ ಗೊತ್ತಾಗಬೇಕಿತ್ತು.

ಆಮೇಲೆ ಅವಳು ಲಾರಿಯ ಮೇಲೆ ಕಣ್ಣಿಟ್ಟಳು. ಮೊದಲೆಲ್ಲ ಡೇರೆಗಳನ್ನು ತುಂಬಿಕೊಂಡು ಹಡಗಿನ ಬಂದರಿಗೆ ಹೋದ ಲಾರಿ ಮರುದಿನವಲ್ಲದೆ ವಾಪಸು ಬರುತ್ತಿರಲಿಲ್ಲ, ಅಷ್ಟು ದೂರ. ಈಗೀಗ ಮಧ್ಯಾಹ್ನ ಹೊರಟದ್ದು ಸಂಜೆಯ ಗಂಟೆ ಹೊಡೆಯುವ ಮುಂಚೆ ಬಂದು ನಿಲ್ಲುತ್ತಿತ್ತು. ಚಕ್ರಕ್ಕೆ ಕೆಂಪು ಜೇಡಿ ಮೆತ್ತಿರುತ್ತಿತ್ತು. ಆ ಜೇಡಿ ಇರುವುದು ಊರಾಚೆಯ ಮುಚ್ಚಿಹೋದ ಇಟ್ಟಿಗೆ ಭಟ್ಟಿಯ ಹತ್ತಿರ, ಬಂದರಿನ ದಾರಿಯಲ್ಲಿ ಅಲ್ಲವೇ ಅಲ್ಲ.

"ಏನಪ್ಪಾ, ಇಷ್ಟು ಬೇಗ ಬಂದರಿಗೆ ಹೋಗಿ ಬಂದ್ಯಾ?" ಎಂದು ಲಾರಿಯವನನ್ನು ಕೇಳಿದಳು.

"ನನ್ನ ಲಾರಿಗೆ ರೆಕ್ಕೆ ಬಂದಿದೆ ಅತ್ತಿಗೆ" ಎಂದು ಅವನು ಹಲ್ಲು ಕಿರಿದ. ಕಿರಿದವನು ತಕ್ಷಣ ಮೈದುನನ ಕಡೆ ನೋಡಿದ. ಮೈದುನ ಬೂಟಿನ ತುದಿ ನೋಡಿದ. ಅತ್ತಿಗೆ ಇಬ್ಬರನ್ನೂ ನೋಡಿದಳು.

ಆ ಸಂಜೆ ಬಸ್ ನಿಲ್ದಾಣಕ್ಕೆ ನಡೆಯುವಾಗ ಅವಳು ಮೈದುನನನ್ನು ಸುತ್ತಿ ಬಳಸಿ ಕೇಳಿದಳು. ಡೇರೆಗಳು ಬಂದರಿಗೆ ಸರಿಯಾಗಿ ಹೋಗುತ್ತಿವೆಯೇ, ಹಡಗಿನವರು ಎಣಿಸಿಕೊಳ್ಳುತ್ತಾರೆಯೇ, ಲಾರಿಯವನು ನಂಬಿಕಸ್ಥನೇ.

"ಎಲ್ಲ ಸರಿಯಾಗಿದೆ ಅತ್ತಿಗೆ" ಎಂದ ಅವನು.

ಬೇರೆ ಏನು ಹೇಳಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. ಸುಮ್ಮನೆ ಬಾಯಿ ಮುಚ್ಚು ಎಂದಿದ್ದರೂ ನಡೆಯುತ್ತಿತ್ತು. ಪಾಪದವನು ಹುಡುಕಿ ಹುಡುಕಿ ಅದೇ ಮಾತನ್ನು ಆರಿಸಿಕೊಂಡ.

ರಜೆಯ ದಿನ ಅವಳು ಮಗಳಿಗೂ ಹೇಳದೆ ಬಸ್ಸು ಹತ್ತಿ ಇಟ್ಟಿಗೆ ಭಟ್ಟಿಯ ಕಡೆ ಹೋದಳು. ಎದುರಿಗೆ ಹೊಸದಾಗಿ ತಗಡಿನ ಬೇಲಿ, ಗೇಟಿನಲ್ಲಿ ಕಾವಲು. ಹಿಂದುಗಡೆ ತಗಡು ಬಾಗಿದ್ದ ಕಡೆ ತೂರಿಕೊಂಡಳು. ಒಳಗೆ ಸಾಲಾಗಿ ನಿಂತಿದ್ದವು ಅವಳ ಡೇರೆಗಳು. ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ಹತ್ತಿರದ ಡೇರೆಯ ಪರದೆಯನ್ನು ಎತ್ತಿ ನೋಡಿದಳು. ಕೆಳತುದಿಯಲ್ಲಿ ಹಳದಿ ಗಂಟು.

ಪರದೆಯ ಆಚೆ ಒಬ್ಬ ಹೆಂಗಸು ಮೊಣಕಾಲಿನ ಮೇಲೆ ಕೂತಿದ್ದಳು. ಅತ್ತಿಗೆಯ ಕೈಯನ್ನು ನೋಡಿದಳು, ಚಪ್ಪಲಿಯನ್ನು ನೋಡಿದಳು, ಅವಳ ಹಿಂದೆ ಇನ್ಯಾರಿದ್ದಾರೆಂದು ನೋಡಿದಳು. ಆ ನೋಟ ಅತ್ತಿಗೆಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ದಿನಾ ಕಾಣುವುದೇ. ಹೆಂಗಸು ಒಂದೂ ಮಾತಾಡದೆ ಪರದೆಯನ್ನು ಅವಳ ಕೈಯಿಂದ ಎಳೆದು ಮುಚ್ಚಿದಳು. ಯಾವುದೋ ಕಂಟ್ರಾಕ್ಟರನ ಕೂಲಿಯವರು, ನಮ್ಮ ಮಾತು ಬಾರದ ಕಡೆಯಿಂದ ತಂದಿದ್ದಾರೆ ಎಂದು ಅತ್ತಿಗೆ ತೀರ್ಮಾನಿಸಿದಳು. ಡೇರೆಗಳನ್ನು ಮೈದುನ ಅವನಿಗೆ ಮಾರಿಕೊಂಡಿದ್ದಾನೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅತ್ತಳು. ದುಃಖಕ್ಕಿಂತ ಹೆಚ್ಚಾಗಿ ಹೆದರಿಕೆಗೆ. ಕಳವು ಹೊರಬಿದ್ದ ದಿನ ಪರದೆ ಎತ್ತಿ ನೋಡಿದರೆ ಸಿಗುವುದು ಯಾರ ಗಂಟು? ಉಗ್ರಾಣದವನೂ ಪರೀಕ್ಷೆಯವಳೂ ಒಂದೇ ಮನೆತನದವರು, ಇಬ್ಬರೂ ಸೇರಿ ತಿಂದರು ಎನ್ನುತ್ತಾರೆ. ಡಿಪೋದವರು ಸತ್ತ ಗಂಡನ ತಲೆಗೆ ಕಟ್ಟಿದಂತೆ ಇದನ್ನು ತನ್ನ ತಲೆಗೆ ಕಟ್ಟುತ್ತಾರೆ. ಕೆಲಸ ಹೋದರೆ ಮಗಳ ಗತಿ? ಮೈದುನನ ಮನೆ ಅವಳ ಮನೆಯಿಂದ ಎರಡೇ ಬೀದಿ ಆಚೆ. ಹೋಗಿ ನೇರವಾಗಿ ಕೇಳಬಹುದಿತ್ತು. ಬೀಗವನ್ನು ಎರಡೆರಡು ಸಲ ಎಳೆದು ನೋಡುವವಳು ಅವನ ಬಾಗಿಲನ್ನು ಒಂದು ಸಲ ತಟ್ಟಲಿಲ್ಲ. ನನ್ನನ್ನು ಕೇಳಿದರೆ ಅವಳ ತಪ್ಪೆಲ್ಲ ಇಷ್ಟೇ, ಆದರೆ ಇಷ್ಟು ಸಾಕಾಯಿತು.

ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದ ದಿನ, ಹೊಲಿಗೆಯವರೆಲ್ಲ ಎದ್ದು ನಿಂತಿದ್ದಾಗ, ಅವಳು ಮುಂದೆ ಬಂದು ಹೇಳಿಬಿಟ್ಟಳು.

"ಸ್ವಾಮಿ, ನಮ್ಮ ಡೇರೆ ಕಡಲು ದಾಟ್ತಾ ಇಲ್ಲ. ಇಟ್ಟಿಗೆ ಭಟ್ಟಿ ಹತ್ರ ನಿಂತಿವೆ. ನಾನೇ ಕಣ್ಣಾರೆ ನೋಡ್ದೆ. ಕಳ್ಸಿದ್ದು ಇವ್ನೇ, ನನ್ನ ಮೈದುನ. ನನಗೂ ಇದಕ್ಕೂ ಸಂಬಂಧ ಇಲ್ಲ."

ಅಧಿಕಾರಿಯ ಮುಖ ಬಿಳಿಚಿಕೊಂಡಿತು. ಕಳ್ಳ ಸಿಕ್ಕಿದಾಗ ಅಧಿಕಾರಿಗಳ ಮುಖ ಕೆಂಪಾಗುತ್ತದೆ, ಬಿಳಿಚುವುದಿಲ್ಲ. ಇಷ್ಟನ್ನು ಅತ್ತಿಗೆ ಗಮನಿಸಿದಳು, ಆದರೆ ಹೊತ್ತು ಮೀರಿತ್ತು. ಮೈದುನ ಮೊದಲ ಸಲ ಬೂಟಿನ ತುದಿ ನೋಡುವುದನ್ನು ಬಿಟ್ಟು ಅವಳ ಮುಖ ನೋಡಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯೊಳಗೆ ಊರಿಗೆಲ್ಲ ಹಬ್ಬಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲಿ ಕೊರತೆ? ಭಟ್ಟಿಯ ಹತ್ತಿರ ಕಳ್ಳಮಾಲು ನೋಡಲು ಹೋದವರಿಗೆ ಕಂಡದ್ದು ಮಾಲಲ್ಲ, ಮನುಷ್ಯರು. ಕೂಲಿಯವರಲ್ಲ, ಮಂತ್ರಿಗಳು ಯಾವ ಜನ ಬರಬೇಕಾಗಿಲ್ಲ ಎಂದಿದ್ದರೋ ಅದೇ ಕಡಲಾಚೆಯ ಜನ. ಬಂದಾಗಿತ್ತು, ಊರಿಗೆ ಹೇಳಿರಲಿಲ್ಲ, ಅಷ್ಟೇ.

ಗೇಟಿನ ಮುಂದೆ ಗುಂಪು ಸೇರಿತು. ದಪ್ಪಕ್ಕನ ಗಂಡನೂ ಇದ್ದ. ನಮ್ಮನ್ನು ಕೇಳದೆ ಯಾರನ್ನು ತಂದು ಇಟ್ಟಿದ್ದೀರಿ ಎಂದು ಕೂಗಿದರು. ಯಾರೋ ಕಲ್ಲು ಹೊಡೆದರು, ತಗಡಿನ ಬೇಲಿ ದಡಬಡ ಸದ್ದು ಮಾಡಿತು. ಮಾರನೆಯ ಬೆಳಗ್ಗೆ ಇಲಾಖೆಯ ಬಸ್ಸುಗಳು ಬಂದು ಆ ಜನರನ್ನು ಹತ್ತಿಸಿಕೊಂಡು ಹೋದವು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ಅವರಿಗಾದರೂ ಹೇಳಿದ್ದರೋ ಇಲ್ಲವೋ.

"ಚಿಕ್ಕಪ್ಪನ್ನೇ ಒಂದ್ಮಾತು ಕೇಳ್ಬಾರ್ದಿತ್ತಾ ಅಮ್ಮಾ?" ಎಂದಳು ಮಗಳು. ಬೈದಿದ್ದರೆ ಅತ್ತಿಗೆ ತಿರುಗಿ ಬೈಯುತ್ತಿದ್ದಳು. ಮಗಳು ಬೈಯಲಿಲ್ಲ, ಪಾತ್ರೆ ತೊಳೆಯಲು ಹೋದಳು.

ವಿಚಾರಣೆ ಇಲಾಖೆಯ ಕಚೇರಿಯಲ್ಲಿ ನಡೆಯಿತು. ಉದ್ದನೆಯ ಕೋಣೆ, ಮೇಜಿನ ಆಚೆ ಅದೇ ಅಧಿಕಾರಿ, ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬ ಗುಮಾಸ್ತ. ಈಚೆ ಎರಡು ಕುರ್ಚಿ, ಅತ್ತಿಗೆಗೊಂದು, ಮೈದುನನಿಗೊಂದು.

"ಹಾಗಾದ್ರೆ ಮೈದುನ ಕದ್ದಿಲ್ಲ ತಾನೇ ಸ್ವಾಮಿ?" ಎಂದು ಅವಳೇ ಮೊದಲು ಕೇಳಿದಳು.

"ಕದ್ದಿದ್ರೆ ನಮಗೆ ಇಷ್ಟು ತಲೆನೋವೇ ಇರ್ತಿರ್ಲಿಲ್ಲಮ್ಮ. ಡೇರೆಗಳನ್ನ ಭಟ್ಟಿಗೆ ಕಳ್ಸು ಅಂದಿದ್ದು ನಾವೇ. ಮನೇಲೂ ಬಾಯಿ ಬಿಡಬೇಡ ಅಂದಿದ್ದೂ ನಾವೇ."

"ಮತ್ತೆ ರೇಡಿಯೋದಲ್ಲಿ ಕಡಲಾಚೆಯವ್ರಿಗೆ ಖರ್ಚು ಅಂದ್ರಲ್ಲ?"

"ಅವ್ರೂ ಕಡಲಾಚೆಯವ್ರೇ ತಾನೇ? ಇಲ್ಲಿಗೆ ಬಂದವ್ರ ಊಟ, ಬಟ್ಟೆ, ಬೇಲಿ, ಕಾವಲು, ಎಲ್ಲ ಅದೇ ಖರ್ಚಿನ ಬಾಬ್ತಿನಲ್ಲಿ ಬರುತ್ತೆ. ನೀತಿ ಹಾಗಿದೆ."

"ಅಂದ್ರೆ ದುಡ್ಡು ಕಡಲು ದಾಟಿಲ್ಲ. ಜನ ದಾಟಿದ್ದಾರೆ."

ಅಧಿಕಾರಿ ಅವಳನ್ನು ಒಂದು ಗಳಿಗೆ ನೋಡಿದ. ಗುಮಾಸ್ತ ಅದನ್ನು ಬರೆದುಕೊಳ್ಳಬೇಕೋ ಬೇಡವೋ ಎಂದು ಅವನ ಮುಖ ನೋಡಿದ, ಬರೆದುಕೊಳ್ಳಲಿಲ್ಲ. ಅತ್ತಿಗೆಯ ಅನುಮಾನ ಸುಳ್ಳಾಗಿರಲಿಲ್ಲ. ಮೋಸ ನಡೆದಿತ್ತು, ಅದು ನೀತಿಯ ಹೆಸರಿನಲ್ಲಿ ಮೇಲೆಯೇ ನಡೆದಿತ್ತು. ಅವಳು ಹಿಡಿದುಕೊಟ್ಟದ್ದು ಮಾತ್ರ ಮನೆಯವನನ್ನು.

"ಈಗ ವಿಷಯಕ್ಕೆ ಬರೋಣ" ಎಂದ ಅಧಿಕಾರಿ. "ಮಂತ್ರಿಗಳು ಕೇಳ್ತಿದ್ದಾರೆ, ಗುಟ್ಟು ಹೊರಗೆ ಹೋಗಿದ್ದು ಹೇಗೆ ಅಂತ. ಒಂದೋ ಇವ್ರು ನಿಮಗೆ ಹೇಳಿರ್ಬೇಕು, ಆಗ ಇವ್ರ ಕೆಲಸ ಹೋಗುತ್ತೆ. ಇಲ್ಲ, ನೀವೇ ಕಾವಲಿರೋ ಜಾಗಕ್ಕೆ ನುಗ್ಗಿರ್ಬೇಕು, ಆಗ ನಿಮ್ಮದು."

"ನಾನೇ ಹೋದೆ ಸ್ವಾಮಿ" ಎಂದಳು ಅತ್ತಿಗೆ. ಇದನ್ನು ಹೇಳಲೆಂದೇ ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದಳು. "ಲಾರಿ ಚಕ್ರಕ್ಕೆ ಕೆಂಪು ಜೇಡಿ ಮೆತ್ತಿತ್ತು. ಅದನ್ನ ನೋಡಿ ಗೊತ್ತಾಯ್ತು. ಇವ್ನು ನಂಗೆ ಏನೂ ಹೇಳಿಲ್ಲ."

"ಲಾರಿಯವನನ್ನ ಕೇಳಿದ್ವಿ. ಚಕ್ರ ತೊಳೀದೆ ಯಾವತ್ತೂ ಒಳಗೆ ತಂದಿಲ್ಲ ಅಂದ."

"ಸುಳ್ಳು! ಅವ್ನು ತನ್ನ ತಲೆ ಉಳಿಸ್ಕೊಳ್ಳೋಕೆ ಹೇಳ್ತಿದ್ದಾನೆ."

"ನೀವು ಮೈದುನನ ತಲೆ ಉಳ್ಸೋಕೆ ಹೇಳ್ತಿದ್ದೀರಿ. ಅವತ್ತು ಎಲ್ಲರ ಮುಂದೆ ಅವ್ರ ಮೇಲೆ ಹೇಳಿದ್ರಿ, ಈಗ ಅವ್ರ ಪರ ಹೇಳ್ತೀರಿ. ಯಾವುದನ್ನ ನಂಬೋದು?"

"ಇದನ್ನ ನಂಬಿ ಸ್ವಾಮಿ. ದಮ್ಮಯ್ಯ ಅಂತೀನಿ, ನಂಬಿ."

ಆಯುಷ್ಯದಲ್ಲಿ ಯಾರ ಮಾತನ್ನೂ ನಂಬದವಳು ಕೈ ಜೋಡಿಸಿ ನಂಬಿ ಎನ್ನುತ್ತಿದ್ದಳು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಇದ್ದ. ಅವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಇದನ್ನು ಯಾರಾದರೊಬ್ಬರ ತಲೆಗೆ ಕಟ್ಟಿ ಮನೆಗೆ ಹೋದರೆ ಸಾಕಾಗಿತ್ತು.

"ನಾನೇ ಹೇಳಿದ್ದು" ಎಂದ ಮೈದುನ.

ಅತ್ತಿಗೆ ತಿರುಗಿದಳು.

"ಬಸ್ ಸ್ಟಾಪಿನಲ್ಲಿ ಮಾತಾಡ್ತಾ ಬಾಯಿತಪ್ಪಿ ಹೇಳ್ಬಿಟ್ಟೆ. ಅತ್ತಿಗೆ ಅದನ್ನ ತಪ್ಪಾಗಿ ತಿಳ್ಕೊಂಡ್ರು. ಅವ್ರು ಎಲ್ಲೂ ಹೋಗಿಲ್ಲ, ಏನೂ ನೋಡಿಲ್ಲ."

ಆಗ ಅತ್ತಿಗೆಯ ಮನಸ್ಸಿಗೆ ಮೊಟ್ಟಮೊದಲು ಬಂದ ಯೋಚನೆ ಯಾವುದು ಗೊತ್ತೇ? ಇದರಲ್ಲಿ ಇವನಿಗೇನು ಲಾಭ ಎಂಬುದು. ಒಳಗೊಳಗೇ ಅಧಿಕಾರಿಯ ಜೊತೆ ಮಾತಾಡಿಕೊಂಡಿದ್ದಾನೆಯೇ? ಬೇರೆ ಊರಿನಲ್ಲಿ ಇದಕ್ಕಿಂತ ದೊಡ್ಡ ಕೆಲಸ ಕೊಡುತ್ತೇವೆ ಎಂದಿದ್ದಾರೆಯೇ? ನನ್ನನ್ನು ಋಣದಲ್ಲಿ ಕೆಡವಿ ನಾಳೆ ಏನಾದರೂ ಕೇಳುತ್ತಾನೆಯೇ? ಕತ್ತಲ ಕೋಣೆಯಲ್ಲಿ ಕೂತು ತೂತು ಹುಡುಕುವ ಅದೇ ಕಣ್ಣಿನಿಂದ ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ಹುಡುಕಿದಳು. ಹುಡುಕುವಷ್ಟರಲ್ಲಿ ಗುಮಾಸ್ತ ಬರೆದು ಮುಗಿಸಿದ್ದ, ಮೈದುನ ಸಹಿ ಹಾಕಿದ್ದ. ಏನೂ ಸಿಗಲಿಲ್ಲ. ಅವನ ಹೆಂಡತಿಗೆ ಶಾಲೆಯಲ್ಲಿ ಒಂದು ಕೆಲಸವಿದೆ, ಅತ್ತಿಗೆಗೆ ಇದೊಂದು ಬಿಟ್ಟರೆ ಇಲ್ಲ. ಇದ್ದದ್ದು ಇಷ್ಟೇ, ಇದು ಕುರುಡಿಗೂ ಕಾಣುವಂಥದ್ದು.

"ಸ್ವಾಮಿ, ಅದು ಸುಳ್ಳು" ಎಂದಳು.

"ಮುಗೀತಮ್ಮ. ನೀವು ನಾಳೆಯಿಂದ ಕೆಲಸಕ್ಕೆ ಹೋಗಬಹುದು" ಎಂದು ಅಧಿಕಾರಿ ಎದ್ದುಬಿಟ್ಟ.

ಹೊರಗೆ ಬಿಸಿಲಿತ್ತು. ಮೈದುನ ಉಗ್ರಾಣದ ಬೀಗದ ಕೈ ಗೊಂಚಲನ್ನು ಒಳಗೆ ಕೊಟ್ಟು ಬಂದಿದ್ದ. ಅಭ್ಯಾಸಬಲದಿಂದ ಜೇಬಿಗೆ ಕೈ ಹೋಗುತ್ತಿತ್ತು, ಬರಿದಾಗಿ ಹೊರಬರುತ್ತಿತ್ತು. ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಅವಳಿಗೆ ಅವನ ಕಾಲು ಹಿಡಿದುಕೊಳ್ಳಬೇಕು ಎನಿಸುತ್ತಿತ್ತು, ಅಷ್ಟು ನಾಚಿಕೆಯಾಗಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ಯಾಕಪ್ಪಾ ಹಾಗಂದೆ? ನಿಜ ಹೇಳು. ಯಾಕೆ?"

ಅವನು ಸಿಟ್ಟಾಗುತ್ತಾನೆ ಎಂದುಕೊಂಡಳು, ಆಗಲಿ ಎಂದೇ ಬಯಸಿದಳು.

"ಏನು ಹೇಳಿದ್ರೆ ನಂಬ್ತೀರಿ ಅತ್ತಿಗೆ?" ಎಂದ. ಕುಟುಕುವುದಕ್ಕೆ ಕೇಳಿದ್ದಲ್ಲ. ಗೊತ್ತಿಲ್ಲದೆ ಕೇಳುತ್ತಿದ್ದ, ಅವಳು ತಿಳಿಸಿದರೆ ಹಾಗೇ ಹೇಳೋಣ ಎನ್ನುವವನ ಹಾಗೆ.

ಅವಳು ಯೋಚಿಸಿದಳು. ಬಸ್ಸು ಬಂತು, ಜನ ಇಳಿದರು, ಜನ ಹತ್ತಿದರು. ಬಾಗಿಲ ಬಳಿ ಅವನು ಅವಳಿಗಾಗಿ ಕಂಬಿ ಹಿಡಿದು ಕಾಯುತ್ತಿದ್ದ. ತಾನು ನಂಬಬಲ್ಲ ಒಂದು ಮಾತೂ ಅವಳಿಗೆ ಇನ್ನೂ ಹೊಳೆದಿರಲಿಲ್ಲ.